ಅಯ್ಯೋ, ವಾವ್, ಔಚ್: ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಇಂಟರ್ಜೆಕ್ಷನ್ ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದರಿಂದ ನಾಲ್ಕರವರೆಗೆ ಇಂಗ್ಲಿಷ್ ಕಲಿಸುವವರಿಗೆ ಇದನ್ನು ಬರೆದಿದ್ದೇನೆ. ಸಂಜೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಓದಿಸುವ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರಬಹುದು. ಪಿಟಿಎ ಮೀಟಿಂಗಿನಲ್ಲಿ, ಸ್ಟಾಫ್ ರೂಮಿನಲ್ಲಿ, ಬಸ್ಸಿಗೆ ಕಾಯುವಾಗ ಕೇಳಿಬಂದ ಪ್ರಶ್ನೆಗಳೇ ಇವು. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು ಸಾಕು.

ಇಂಟರ್ಜೆಕ್ಷನ್ ಅಂದ್ರೆ ಸರಳವಾಗಿ ಏನು?

ಖುಷಿ, ನೋವು, ಆಶ್ಚರ್ಯ, ಅಸಹ್ಯ, ಗಾಬರಿ ಬಂದಾಗ ಬಾಯಿಂದ ತಟ್ಟನೆ ಹೊರಡುವ ಪದ. ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಭಾವಸೂಚಕಾವ್ಯಯ ಅಂತ ಹೆಸರು. ಅಯ್ಯೋ, ಆಹಾ, ಅಬ್ಬಾ, ಛೇ, ಭಲೇ ಇವೆಲ್ಲ ಅದೇ ಜಾತಿ. ಇಂಗ್ಲಿಷ್‌ನಲ್ಲಿ ವಾವ್, ಔಚ್, ಊಪ್ಸ್, ಹುರ್ರೇ, ಯಕ್.

ಈ ಪದಗಳಿಗೆ ಏಕವಚನ ಬಹುವಚನ ಇಲ್ಲ, ನಿನ್ನೆ ನಾಳೆ ಇಲ್ಲ. ವಾಕ್ಯದ ಬೇರೆ ಪದಗಳ ಜೊತೆ ವ್ಯಾಕರಣದ ನಂಟೂ ಇಲ್ಲ. 'ಔಚ್! ಆ್ಯನ್ ಆ್ಯಂಟ್ ಬಿಟ್ ಮಿ' ಅಂತ ಬೋರ್ಡ್ ಮೇಲೆ ಬರೆಯಿರಿ. 'ಔಚ್' ಮೇಲೆ ಅಂಗೈ ಇಟ್ಟು ಮುಚ್ಚಿ. ಉಳಿದ ವಾಕ್ಯಕ್ಕೆ ಏನೂ ಆಗಿಲ್ಲ, ಇರುವೆ ಕಚ್ಚಿದ ಸುದ್ದಿ ಪೂರ್ತಿ ಇದೆ. ಹೋಗಿದ್ದು ನೋವು ಮಾತ್ರ. ಈಗ 'ಆ್ಯಂಟ್' ಮುಚ್ಚಿ ನೋಡಿ, ವಾಕ್ಯವೇ ಕುಂಟುತ್ತದೆ. ಮೂರನೇ ತರಗತಿಯ ಮಗುವಿಗೆ ಇಷ್ಟು ತೋರಿಸಿದರೆ ಯಾವ ಡೆಫಿನಿಷನ್ನೂ ಬೇಡ.

ಯಾವ ತರಗತಿಯಿಂದ ಕಲಿಸಬಹುದು?

ಪದಗಳನ್ನು ಒಂದನೇ ತರಗತಿಯ ಮೊದಲ ದಿನದಿಂದಲೇ. 'ಇಂಟರ್ಜೆಕ್ಷನ್' ಅನ್ನುವ ಹೆಸರನ್ನು ಮೂರು ಅಥವಾ ನಾಲ್ಕರಲ್ಲಿ. ಕೇರಳದ ಪಠ್ಯಕ್ರಮದಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅಲ್ಲಿ ಪಾಠ ಕಥೆ, ಸಂಭಾಷಣೆ, ಹಾಡುಗಳ ಮೂಲಕ ಸಾಗುತ್ತದೆ, ವ್ಯಾಕರಣದ ಹೆಸರುಗಳಿಂದ ಅಲ್ಲ. ಇಂಟರ್ಜೆಕ್ಷನ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಥೆಯಲ್ಲಿ ಮೊಲ ಗುಂಡಿಗೆ ಬಿದ್ದರೆ ಅದು ಏನೋ ಕೂಗಲೇಬೇಕಲ್ಲ.

ಎಷ್ಟು ಪದ ಕಲಿಸಬೇಕು? ಗೈಡಿನಲ್ಲಿ ಉದ್ದದ ಪಟ್ಟಿಯೇ ಇದೆ.

ಪಟ್ಟಿಯನ್ನು ಬದಿಗಿಡಿ. ಒಂದು, ಎರಡನೇ ತರಗತಿಗೆ ಆರೇಳು ಪದ ಸಾಕು: ವಾವ್, ಔಚ್, ಊಪ್ಸ್, ಹುರ್ರೇ, ಯಕ್, ಹೇ, ಶ್. ಮುಂದಿನ ಎರಡು ವರ್ಷಗಳಲ್ಲಿ ಓ, ಆಹಾ, ಫ್ಯೂ, ಹ್ಮ್, ಅಓ (ಏನೋ ಎಡವಟ್ಟಾಯಿತು ಅನ್ನಿಸಿದಾಗ ಬರುವ ಸದ್ದು) ಸೇರಿಸಿ. ಮಗು ದಿನಕ್ಕೆ ಒಮ್ಮೆಯಾದರೂ ಬಳಸುವ ಸಂದರ್ಭ ಇಲ್ಲದ ಪದವನ್ನು ಬಾಯಿಪಾಠ ಮಾಡಿಸಿ ಏನು ಪ್ರಯೋಜನ?

'ಅಲಾಸ್' ಮತ್ತು 'ಹುರ್ರಾ' ಬೇಡ್ವಾ? ನಾವೆಲ್ಲ ಅದನ್ನೇ ಕಲಿತದ್ದು.

ನಾವು ಕಲಿತದ್ದು ಹೌದು. 'ಹುರ್ರಾ! ವಿ ಹ್ಯಾವ್ ವನ್ ದ ಮ್ಯಾಚ್', 'ಅಲಾಸ್! ಹಿ ಈಸ್ ಡೆಡ್'. ನಮ್ಮ ಕಾಲದ ಗ್ರಾಮರ್ ಪುಸ್ತಕಗಳಲ್ಲಿ ಒಂದು ಕಡೆ ಯಾರಾದರೂ ಗೆಲ್ಲುತ್ತಿದ್ದರು, ಇನ್ನೊಂದು ಕಡೆ ಯಾರಾದರೂ ಸಾಯುತ್ತಿದ್ದರು. ಇವತ್ತು ಇಂಗ್ಲಿಷ್ ಮಾತಾಡುವವರು ಸಾವಿನ ಸುದ್ದಿ ಕೇಳಿ 'ಅಲಾಸ್' ಅನ್ನುವುದಿಲ್ಲ, 'ಓ ನೋ' ಅನ್ನುತ್ತಾರೆ. 'ಅಲಾಸ್' ಹಳೆಯ ಕಥೆ, ಕವನಗಳಲ್ಲಿ ಸಿಗುವ ಪದ. ದೊಡ್ಡ ತರಗತಿಯಲ್ಲಿ ಓದುವಾಗ ಎದುರಾದರೆ ಅರ್ಥ ಹೇಳಿದರೆ ಆಯಿತು.

'ಹುರ್ರೇ'ಗೆ ನಮ್ಮಲ್ಲಿ ಮ್ಯಾಚೇ ಬೇಕಾಗಿಲ್ಲ. ಜೂನ್ ಜುಲೈಯ ಮಳೆಗೆ ಜಿಲ್ಲಾಧಿಕಾರಿಗಳು ನಾಳೆ ಶಾಲೆಗೆ ರಜೆ ಅಂತ ಘೋಷಿಸಿದ ಸಂಜೆಯನ್ನು ನೆನಪಿಸಿ. 'ಹುರ್ರೇ! ನೋ ಸ್ಕೂಲ್ ಟುಮಾರೋ!' ಅನ್ನಲು ಯಾವ ಮಗುವಿಗೂ ತರಬೇತಿ ಬೇಡ.

ತರಗತಿಯಲ್ಲಿ ಹೇಗೆ ಶುರು ಮಾಡಲಿ? ಒಂದು ಪೀರಿಯಡ್‌ಗೆ ಏನಾದರೂ ಹೇಳಿ.

ಒಂದು ಬಟ್ಟೆ ಚೀಲ ಸಾಕು. ಅದರೊಳಗೆ ನಾಲ್ಕು ವಸ್ತು ಹಾಕಿ: ಒಂದು ನವಿಲುಗರಿ, ಹಲಸಿನ ಹಣ್ಣಿನ ಸಿಪ್ಪೆಯ ಒಂದು ತುಂಡು, ದಾಸವಾಳದ ಎಲೆ ಹಿಂಡಿದ ಲೋಳೆ ಇರುವ ಸಣ್ಣ ಡಬ್ಬಿ, ಕೆಳಗೆ ಬಿದ್ದರೆ ಸದ್ದು ಮಾಡುವ ಸ್ಟೀಲ್ ಲೋಟ.

ಒಬ್ಬ ಹುಡುಗ ಬಂದು ಕಣ್ಣು ಮುಚ್ಚಿ ಕೈ ಹಾಕಲಿ. ಹಲಸಿನ ಮುಳ್ಳು ತಾಗಿದ ಕೂಡಲೇ ಕೈ ಹಿಂದಕ್ಕೆ ಬರುತ್ತದೆ, ಬಾಯಿಂದ ಅವನ ಮನೆಮಾತಿನ ಸದ್ದು ಬರುತ್ತದೆ. ಬರಲಿ, ತಡೆಯಬೇಡಿ. ಅವನದ್ದು ಮುಗಿದ ಮೇಲೆ ನೀವು ಕೈ ಹಾಕಿ, ಅದೇ ಮುಖ ಮಾಡಿ 'ಔಚ್!' ಅನ್ನಿ. ಮುಂದಿನವರು ಕೈ ಹಾಕುವಾಗ ಇಡೀ ತರಗತಿಯೇ 'ಔಚ್' ಅನ್ನಲು ಕಾಯುತ್ತಿರುತ್ತದೆ. ನವಿಲುಗರಿ ಹೊರಗೆ ಬಂದಾಗ 'ವಾವ್'. ಲೋಟವನ್ನು ನೀವೇ ಬೇಕೆಂದು ಬೀಳಿಸಿ 'ಊಪ್ಸ್' ಅನ್ನಿ. ಲೋಳೆಗೆ ಬೆರಳು ಅದ್ದಿದ ಮಗುವಿನ ಮುಖ ನೋಡಿದರೆ 'ಯಕ್' ಅರ್ಥ ಹೇಳುವ ಕೆಲಸವೇ ಇಲ್ಲ. ಮನೆಯಲ್ಲಿ ಅಜ್ಜಿ ಅದೇ ಲೋಳೆಯನ್ನು ತಲೆಗೆ ಹಾಕಿ ಮೀಯಿಸುತ್ತಾರೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಲಿ, ಪಾಠ ಅಲ್ಲಿಗೆ ಜೀವಂತ ಆಗುತ್ತದೆ.

ಬೋರ್ಡ್ ಮೇಲೆ ಬರೆಯುವುದು ಕೊನೆಯ ಐದು ನಿಮಿಷದಲ್ಲಿ. ಮೊದಲು ಸದ್ದು ಮತ್ತು ಮುಖ, ಆಮೇಲೆ ಅಕ್ಷರ. ಈ ಕ್ರಮವನ್ನು ತಿರುಗಿಸಿದರೆ ಮಕ್ಕಳು 'ಔಚ್' ಅನ್ನು ಮಗ್ಗಿ ಹೇಳುವ ದನಿಯಲ್ಲಿ ಹೇಳುತ್ತಾರೆ. ನೋವಿಲ್ಲದ ಔಚ್ ಕೇಳಿದ್ದೀರಾ? ಬಹಳ ತಮಾಷೆಯಾಗಿರುತ್ತದೆ, ಆದರೆ ಅದು ಇಂಗ್ಲಿಷ್ ಅಲ್ಲ.

ಮನೆಯಲ್ಲಿ ಒಬ್ಬರದು ತುಳು, ಒಬ್ಬರದು ಮಲಯಾಳ, ಒಬ್ಬರದು ಬ್ಯಾರಿ. ತರಗತಿಯಲ್ಲಿ ಬಿದ್ದರೆ ಎಲ್ಲರೂ 'ಅಯ್ಯೋ' ಅಂತಲೇ ಕೂಗುತ್ತಾರೆ. ತಿದ್ದಬೇಕಾ?

ತಿದ್ದಬೇಡಿ. ಬಿದ್ದ ಮಗುವಿನ ಭಾಷೆ ತಿದ್ದುವುದು ಟೀಚರ ಕೆಲಸವಲ್ಲ, ಎತ್ತಿ ನಿಲ್ಲಿಸುವುದು ಕೆಲಸ.

ಕಾಸರಗೋಡು ಸಪ್ತಭಾಷೆಗಳ ನಾಡು ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ, ತರಗತಿಯಲ್ಲಿ ಅದನ್ನು ಮರೆಯುತ್ತೇವೆ. ಈ ಪಾಠಕ್ಕೆ ಅದು ದೊಡ್ಡ ಅನುಕೂಲ. ಗಾಯವಾದರೆ ನಿಮ್ಮ ಮನೆಯಲ್ಲಿ ಹೇಗೆ ಕೂಗುತ್ತೀರಿ ಅಂತ ಕೇಳಿ ನೋಡಿ. ತುಳುವಿನ ಮಗು 'ಅಪ್ಪೇ' ಅನ್ನುತ್ತದೆ, ಹವ್ಯಕರ ಮಗು 'ಅಬ್ಬೇ', ಮಲಯಾಳದ ಮಗು 'ಅಮ್ಮೇ'. ಮೂವರೂ ಕರೆಯುವುದು ಅಮ್ಮನನ್ನೇ. ಬೋರ್ಡ್ ಮೇಲೆ ಒಂದು ಉದ್ದ ಕೋಷ್ಟಕ ಹಾಕಿ, ಒಂದೊಂದು ಮನೆಮಾತಿಗೆ ಒಂದೊಂದು ಸಾಲು ಕೊಡಿ, ಕೊನೆಯಲ್ಲಿ ಇಂಗ್ಲಿಷ್ ಕೂಡ ಒಂದು ಸಾಲಾಗಿ ಬರಲಿ. ಇಂಗ್ಲಿಷ್ ಇನ್ನೊಂದು ಮನೆಯ ಮಾತು ಅಷ್ಟೆ ಅನ್ನಿಸಿದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಇನ್ನೊಂದು ವಿಷಯ. ನಮ್ಮ 'ಅಯ್ಯೋ' 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೇ ಸೇರಿಕೊಂಡಿದೆ. ಆದ್ದರಿಂದ 'ಅಯ್ಯೋ ಇಂಗ್ಲಿಷ್ ಅಲ್ಲ' ಅಂತ ಗದರಿಸುವ ಮೊದಲು ಸ್ವಲ್ಪ ಯೋಚಿಸಿ.

ಯಕ್ಷಗಾನದ ಭಾಷೆಯನ್ನು ಇಲ್ಲಿ ಬಳಸಬಹುದಾ?

ಧಾರಾಳವಾಗಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ರಂಗಸ್ಥಳದ 'ಭಳಿರೇ', 'ಭಲಾ', 'ಎಲಾ' ಎಲ್ಲ ಕಿವಿಗೆ ಬಿದ್ದಿರುತ್ತವೆ. 'ಬ್ರಾವೋ' ಹೇಳಿಕೊಡುವಾಗ 'ಭಳಿರೇ' ನೆನಪಿಸಿ. 'ಬ್ರಾವೋ' ಕೂಡ ಇಟಲಿಯಿಂದ ಇಂಗ್ಲಿಷ್‌ಗೆ ಬಂದ ಪದ. ಅಲ್ಲಿನ ಸಂಗೀತ ನಾಟಕಗಳಲ್ಲಿ ಹಾಡುಗಾರರನ್ನು ಮೆಚ್ಚಿ ಪ್ರೇಕ್ಷಕರು ಕೂಗುತ್ತಿದ್ದರು. ಮಕ್ಕಳ ಮೇಳದಲ್ಲಿ ಕುಣಿಯುವ ಒಬ್ಬ ಹುಡುಗ ಇದ್ದರೆ ನಿಮ್ಮ ಅರ್ಧ ಕೆಲಸ ಅವನೇ ಮಾಡುತ್ತಾನೆ.

'ಹಾಯ್' ಅಂದ್ರೆ ಖುಷಿಯಾ, ನಮಸ್ಕಾರವಾ? ಮಗಳು ಮಾವಿನಹಣ್ಣು ಕಂಡರೂ 'ಹಾಯ್' ಅನ್ನುತ್ತಾಳೆ.

ಅವಳು ಹೇಳುವುದು ಮಲಯಾಳದ 'ಹಾಯ್'. ಅಲ್ಲಿ ಅದು ಖುಷಿಯ ಸದ್ದು, ನಮ್ಮ 'ಆಹಾ' ಇದ್ದ ಹಾಗೆ. ಇಂಗ್ಲಿಷ್‌ನ 'ಹಾಯ್' ಯಾರನ್ನಾದರೂ ಕಂಡಾಗ ಮಾತಾಡಿಸುವ ಪದ. ನಮ್ಮ ಗಡಿಯ ಮಕ್ಕಳಿಗೆ ಎರಡೂ ಸಿಗುವುದರಿಂದ ಈ ಗಲಿಬಿಲಿ ಸಹಜ. ಮಾವಿನಹಣ್ಣಿಗೆ 'ಯಮ್' ಅಥವಾ 'ವಾವ್', ಮಾಮ ಬಂದರೆ 'ಹಾಯ್' ಅಂತ ಹೇಳಿಕೊಡಿ. ಮಲಯಾಳ ಮಾತಾಡುವಾಗ ಅವಳ 'ಹಾಯ್' ಹಾಗೇ ಇರಲಿ.

ಇಂಥದ್ದೇ ಇನ್ನೊಂದು ಉಂಟು. ಪಾಪ ಅನ್ನಿಸಿದಾಗ ನಾವು ನಾಲಗೆಯಿಂದ ಲೊಚಗುಟ್ಟುತ್ತೇವಲ್ಲ, ಅದೇ ಸದ್ದನ್ನು ಇಂಗ್ಲಿಷಿನವರು 'ಟಟ್ ಟಟ್' ಅಂತ ಬರೆಯುತ್ತಾರೆ. ಆದರೆ ಅವರಲ್ಲಿ ಅದಕ್ಕೆ ಹೆಚ್ಚಾಗಿ 'ಹೀಗೆ ಮಾಡಬಾರದಿತ್ತು' ಅನ್ನುವ ಆಕ್ಷೇಪದ ಅರ್ಥ. ಕಥೆ ಓದುವಾಗ ಟಟ್ ಟಟ್ ಬಂದರೆ ಟೀಚರ್ ಅದನ್ನು ಕರುಣೆಯ ದನಿಯಲ್ಲಿ ಓದಬಾರದು.

ಉಚ್ಚಾರದ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಸ್ವಲ್ಪ. ತುಳು, ಮಲಯಾಳ ಮಾತಾಡುವ ಮಕ್ಕಳು ಪದದ ಕೊನೆಗೆ ಒಂದು ಅರೆ ಉಕಾರ ಸೇರಿಸುತ್ತಾರೆ, ಕನ್ನಡದ ಮಕ್ಕಳು ಪೂರ್ತಿ ಉಕಾರವನ್ನೇ ಸೇರಿಸುತ್ತಾರೆ. 'ಔಚು', 'ಯಕ್ಕು', 'ಊಪ್ಸು' ಆಗುವುದು ಹಾಗೆ. ಕೊನೆಯನ್ನು ಕತ್ತರಿಸಿದಂತೆ ನಿಲ್ಲಿಸಿ ಹೇಳಿಸಿ, ಎರಡು ವಾರದಲ್ಲಿ ಸರಿಯಾಗುತ್ತದೆ. 'ವಾವ್' ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬಾರದು. ಶುರುವಿನಲ್ಲೂ ಕೊನೆಯಲ್ಲೂ ತುಟಿ ಗುಂಡಗೆ ಮಾಡಬೇಕು. ಕನ್ನಡಿ ಕೊಟ್ಟು ಮಾಡಿಸಿದರೆ ಮಕ್ಕಳಿಗೆ ಅದೇ ಒಂದು ಆಟ.

ಕೆಲವು ಪದಗಳ ಸ್ಪೆಲಿಂಗ್ ನೋಡಿ ಓದಲೇಬಾರದು. 'ಫ್ಯೂ' ಅನ್ನು ಪಿ, ಎಚ್, ಇ, ಡಬ್ಲ್ಯು ಅಂತ ಬರೆದರೂ ಬಾಯಲ್ಲಿ ಅದು ಉಸ್ಸಪ್ಪ ಅಂತ ಬಿಡುವ ಉಸಿರು. 'ಶ್', 'ಹ್ಮ್' ಇವುಗಳಲ್ಲಿ ಸ್ವರವೇ ಇಲ್ಲ. 'ಟೀಚರ್, ವವೆಲ್ ಇಲ್ಲದೆ ಪದ ಹೇಗೆ?' ಅಂತ ನಾಲ್ಕನೇ ತರಗತಿಯ ಒಂದು ಮಗು ಕೇಳಿತ್ತು. ಒಳ್ಳೆಯ ಪ್ರಶ್ನೆ. ಬೇರೆ ಪದಗಳಿಗಿರುವ ಕಟ್ಟಳೆ ಇಂಟರ್ಜೆಕ್ಷನ್‌ಗೆ ಪೂರ್ತಿ ಅನ್ವಯಿಸುವುದಿಲ್ಲ, ಅಷ್ಟೆ.

ಒಂದೇ 'ಓ'ಗೆ ಎಷ್ಟೊಂದು ಅರ್ಥ! ಹೇಗೆ ಹೇಳಿಕೊಡುವುದು?

ಅರ್ಥ ಹೇಳಬೇಡಿ, ಸಂದರ್ಭ ಕೊಡಿ. 'ಅಜ್ಜಿಗೆ ಜ್ವರ ಅಂತ ಗೊತ್ತಾಯಿತು', 'ಚೀಲದಲ್ಲಿ ಪುಸ್ತಕ ಇಲ್ಲ', 'ಲೆಕ್ಕದ ಉತ್ತರ ಈಗ ಹೊಳೆಯಿತು', 'ಮಾಮ ಹೊಸ ಕೊಡೆ ತಂದರು'. ಒಂದೊಂದಕ್ಕೂ ಮಗು 'ಓ' ಅಂತ ಮಾತ್ರ ಹೇಳಬೇಕು, ಉಳಿದವರು ಯಾವ ಸಂದರ್ಭ ಅಂತ ಊಹಿಸಬೇಕು. ದನಿ ಏರುವುದು, ಇಳಿಯುವುದು, ಎಳೆಯುವುದು ಎಲ್ಲ ತಾನಾಗಿ ಬರುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಬಿಡಲೇಬಾರದ ಚಟುವಟಿಕೆ ಇದೊಂದೇ. ಖರ್ಚಿಲ್ಲ, ತಯಾರಿ ಇಲ್ಲ, ಹಿಂದಿನ ಬೆಂಚಿನವರೂ ಸೇರಿಕೊಳ್ಳುತ್ತಾರೆ.

ಎಕ್ಸ್‌ಕ್ಲಮೇಷನ್ ಮಾರ್ಕ್ ಯಾವಾಗ, ಕಾಮಾ ಯಾವಾಗ?

ಭಾವ ಜೋರಾಗಿದ್ದರೆ ಉದ್ಗಾರ ಚಿಹ್ನೆ, ಮೆಲ್ಲಗಿದ್ದರೆ ಕಾಮಾ. 'ಔಚ್! ದಟ್ ಹರ್ಟ್ಸ್.' ಇಲ್ಲಿ ಕೂಗು ಇದೆ. 'ಓ, ಐ ಸೀ.' ಇಲ್ಲಿ ಕೂಗಿಲ್ಲ. ಉದ್ಗಾರ ಚಿಹ್ನೆ ಆದ ಮೇಲೆ ಹೊಸ ವಾಕ್ಯವಾದರೆ ದೊಡ್ಡ ಅಕ್ಷರ, ಕಾಮಾ ಆದ ಮೇಲೆ ಸಣ್ಣ ಅಕ್ಷರ. 'ಐ' ಮತ್ತು ಹೆಸರುಗಳು ಮಾತ್ರ ಎಲ್ಲಿದ್ದರೂ ದೊಡ್ಡದೇ.

ಚಿಹ್ನೆ ಗೊತ್ತಾದ ವಾರ ಮಕ್ಕಳು ಒಂದರ ಹಿಂದೆ ಒಂದು ಐದಾರು ಹಾಕುತ್ತಾರೆ. ದೊಡ್ಡವರ ವಾಟ್ಸಾಪ್ ಮೆಸೇಜು ನೋಡಿದರೆ ಅವರನ್ನು ಬೈಯಲು ನಮಗೆ ಬಾಯಿಲ್ಲ. ನೋಟ್ ಪುಸ್ತಕದಲ್ಲಿ ಮಾತ್ರ ಒಂದೇ ಸಾಕು ಅಂತ ಹೇಳಿ.

'ವಾಟ್ ಎ ಬಿಗ್ ಜ್ಯಾಕ್‌ಫ್ರೂಟ್!' ಇದು ಇಂಟರ್ಜೆಕ್ಷನ್ ಅಲ್ವಾ? ಕೊನೆಯಲ್ಲಿ ಚಿಹ್ನೆ ಇದೆಯಲ್ಲ.

ಅಲ್ಲ, ಅದು ಉದ್ಗಾರ ವಾಕ್ಯ. ಅದಕ್ಕೆ ಮೊದಲು 'ವಾವ್!' ಸೇರಿಸಿದರೆ ಆ 'ವಾವ್' ಮಾತ್ರ ಇಂಟರ್ಜೆಕ್ಷನ್. ಚಿಹ್ನೆ ನೋಡಿ ತೀರ್ಮಾನಿಸುವ ಅಭ್ಯಾಸ ಮಕ್ಕಳಿಗೆ ಬೇಗ ಅಂಟಿಕೊಳ್ಳುತ್ತದೆ. ಆದ್ದರಿಂದ ಶುರುವಿನಲ್ಲೇ ಚಿಹ್ನೆ ಇರುವ ಎರಡೂ ಬಗೆಯನ್ನು ಪಕ್ಕಪಕ್ಕ ತೋರಿಸಿ.

'ಸ್ಪ್ಲ್ಯಾಶ್', 'ಬ್ಯಾಂಗ್' ಇವು ಯಾವ ಪಂಗಡ?

ವಸ್ತುವಿನ ಸದ್ದನ್ನು ಅನುಕರಿಸುವ ಪದಗಳು, ನಮ್ಮ 'ದಡಬಡ', 'ಚಟಚಟ' ಇದ್ದ ಹಾಗೆ. 'ಬ್ಯಾಂಗ್!' ಅಂತ ಒಂಟಿಯಾಗಿ ಬಂದಾಗ ಕೆಲವು ಪುಸ್ತಕಗಳು ಇಂಟರ್ಜೆಕ್ಷನ್ ಅನ್ನುತ್ತವೆ. ಚಿಕ್ಕ ಮಕ್ಕಳಿಗೆ ಇಷ್ಟು ಹೇಳಿ: ತೆಂಗಿನಕಾಯಿ ಬಿದ್ದ ಸದ್ದು ಬೇರೆ, ಅದನ್ನು ನೋಡಿ ನಾವು ಕೂಗುವುದು ಬೇರೆ.

'ಯೆಸ್', 'ನೋ', 'ಥ್ಯಾಂಕ್ಯೂ' ಸೇರುತ್ತವಾ?

ವ್ಯಾಕರಣಕಾರರಲ್ಲೇ ಒಮ್ಮತ ಇಲ್ಲ. ಎಲ್‌ಪಿ, ಅಂದರೆ ಒಂದರಿಂದ ನಾಲ್ಕರವರೆಗಿನ ತರಗತಿಯಲ್ಲಿ ಈ ಚರ್ಚೆ ಬೇಡ.

ನಮ್ಮ ಊರಿನ 'ಮಾರಾಯ'ಕ್ಕೆ ಇಂಗ್ಲಿಷ್‌ನಲ್ಲಿ ಏನು?

ಇಲ್ಲ ಮಾರಾಯ್ರೇ, ಅದಕ್ಕೆ ಅದೇ.

ಮಗ ಯೂಟ್ಯೂಬ್ ನೋಡಿ ಕೆಟ್ಟ ಪದಗಳನ್ನೂ ಕಲಿತಿದ್ದಾನೆ. ಎಡವಿದರೆ ಸಾಕು, ಬಾಯಲ್ಲಿ ಅದೇ.

ಅರ್ಥ ಗೊತ್ತಿದ್ದು ಹೇಳುವುದಲ್ಲ ಅದು. ಎಡವಿದಾಗ ಕಾರ್ಟೂನಿನವರು ಹೇಳಿದ ಸದ್ದನ್ನು ಹಿಡಿದುಕೊಂಡಿದ್ದಾನೆ ಅಷ್ಟೆ. ಗಾಬರಿಯಾಗಿ ಬೈದರೆ ಆ ಪದಕ್ಕೆ ಬೆಲೆ ಜಾಸ್ತಿ ಆಗುತ್ತದೆ. 'ಅದು ದೊಡ್ಡವರೂ ಹೇಳಬಾರದ ಮಾತು, ನೀನು ಊಪ್ಸ್ ಅನ್ನು' ಅಂತ ಅದೇ ಜಾಗಕ್ಕೆ ಬೇರೆ ಪದ ಕೊಡಿ. ಸುಮ್ನೆ 'ಹೇಳಬೇಡ' ಅಂದರೆ ಆ ಜಾಗ ಖಾಲಿ ಉಳಿಯುತ್ತದೆ. ಬಿದ್ದಾಗ ಬಾಯಿ ಸುಮ್ಮನಿರುವುದಿಲ್ಲವಲ್ಲ.

ಒಳ್ಳೆಯ ಪದಗಳಿಗೂ ಜಾಗ ನೋಡಿ ಬಳಸುವ ವಿವೇಕ ಬೇಕು. ಕೆಸರು ತುಳಿದಾಗ 'ಯಕ್' ಸರಿ. ಮಧ್ಯಾಹ್ನ ಅಡುಗೆಯವರು ಬಡಿಸಿದ ಸಾಂಬಾರು ನೋಡಿ 'ಯಕ್' ಅಂದರೆ ಅವರ ಮನಸ್ಸಿಗೆ ನೋವಾಗುತ್ತದೆ. ಇದನ್ನು ಪಾಠದ ಭಾಗವಾಗಿಯೇ ಹೇಳಬೇಕು. 'ಹೇ' ಕೂಡ ಹಾಗೆ, ಗೆಳೆಯನಿಗೆ ಸರಿ, ಟೀಚರಿಗೆ ಬೇಡ. 'ಓ ಮೈ ಗಾಡ್' ಕೆಲವು ಮನೆಗಳಲ್ಲಿ ಇಷ್ಟವಾಗುವುದಿಲ್ಲ. 'ಓ ಡಿಯರ್', 'ಓ ನೋ' ಇರುವಾಗ ಅದರ ಅಗತ್ಯವೂ ಇಲ್ಲ.

ಕೇಳಿಸದಿದ್ದರೆ ಮಕ್ಕಳು 'ಆಂ?' ಅನ್ನುತ್ತಾರೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಅದು ತಪ್ಪಾ?

ಇಂಗ್ಲಿಷ್‌ನಲ್ಲೂ ಅದೇ ಇದೆ, 'ಹಃ?' ಅಂತ. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಭಾಷಾ ಸಂಶೋಧಕರು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಭಾಷೆಗಳನ್ನು ಹೋಲಿಸಿ, ಈ ಪದ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತದೆ ಅಂತ 2013ರಲ್ಲಿ ಪ್ರಕಟಿಸಿದ್ದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2015ರಲ್ಲಿ ಅದಕ್ಕೆ ಬಂತು. ಹಾಗಾಗಿ ತಪ್ಪಲ್ಲ. ಹಿರಿಯರ ಹತ್ತಿರ 'ಸಾರಿ?' ಅಥವಾ 'ಪಾರ್ಡನ್?' ಅಂದರೆ ಮರ್ಯಾದೆ, ಅಷ್ಟೆ.

ನಾಚಿಕೆಯ ಮಗು ಬಾಯೇ ಬಿಡುವುದಿಲ್ಲ. ಏನು ಮಾಡಲಿ?

ಎದ್ದು ನಿಲ್ಲಿಸಿ 'ವಾವ್ ಹೇಳು' ಅನ್ನುವುದನ್ನು ಬಿಡಿ. ದೊಡ್ಡವರಿಗೂ ಅದು ಕಷ್ಟ. ಎಲ್ಲರೂ ಒಟ್ಟಿಗೆ ಕೂಗುವಾಗ ಅವಳ ದನಿಯೂ ಅದರೊಳಗೆ ಸೇರುತ್ತದೆ. ಅಡಿಕೆ ಹಾಳೆಯಲ್ಲಿ ಕಣ್ಣು ಬಾಯಿಗೆ ತೂತು ಮಾಡಿ ಮುಖವಾಡ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ಮುಖವಾಡದ ಹಿಂದಿನಿಂದ ಮಾತು ಸಲೀಸಾಗಿ ಹೊರಬರುತ್ತದೆ. ಅದೂ ಆಗದಿದ್ದರೆ ನೀವು 'ಊಪ್ಸ್' ಅನ್ನಿ, ಅವಳು ತಕ್ಕ ಮುಖದ ಚಿತ್ರ ತೋರಿಸಲಿ. ಅರ್ಥ ಆಗಿದೆ ಅಂತ ನಿಮಗೆ ಗೊತ್ತಾಯಿತಲ್ಲ, ಮಾತು ಆಮೇಲೆ ಬರುತ್ತದೆ.

ನಮಗೇ ಇಂಗ್ಲಿಷ್ ಬರುವುದಿಲ್ಲ. ಮನೆಯಲ್ಲಿ ಹೇಗೆ ಸಹಾಯ ಮಾಡುವುದು?

ಈ ಪಾಠಕ್ಕೆ ನಿಮ್ಮ ಇಂಗ್ಲಿಷ್ ಬೇಕಾಗಿಲ್ಲ. ಬೆಲ್ಲ ಕೆಳಗೆ ಬಿತ್ತು, ಕರೆಂಟ್ ಹೋಯಿತು, ಕರೆಂಟ್ ಬಂತು, ಬಸ್ಸು ಸಿಕ್ಕಿತು, ಬಸ್ಸು ತಪ್ಪಿತು. ಇಂಥ ಹೊತ್ತಿನಲ್ಲಿ 'ಈಗ ನಿಮ್ಮ ಟೀಚರ್ ಆಗಿದ್ದರೆ ಏನನ್ನುತ್ತಿದ್ದರು?' ಅಂತ ಮಗುವನ್ನೇ ಕೇಳಿ. ಅದು ನಿಮಗೆ ಕಲಿಸಲಿ. ತಪ್ಪು ಹೇಳಿದರೂ ಪರವಾಗಿಲ್ಲ, ಶಾಲೆಯಲ್ಲಿ ಸರಿಯಾಗುತ್ತದೆ.

ಪರೀಕ್ಷೆಯಲ್ಲಿ ಹೇಗೆ ಕೇಳಬೇಕು?

'ಡಿಫೈನ್ ಇಂಟರ್ಜೆಕ್ಷನ್' ಅಂತ ದಯವಿಟ್ಟು ಕೇಳಬೇಡಿ. ಒಂದು ಚಿತ್ರ ಕೊಡಿ: ಹುಡುಗಿಯ ಕೊಡೆ ಗಾಳಿಗೆ ಮಗುಚಿದೆ, ಪಕ್ಕದಲ್ಲಿ ಖಾಲಿ ಮಾತಿನ ಗುಳ್ಳೆ. ಅದರೊಳಗೆ ಮಗು 'ಓ ನೋ!' ಬರೆದರೂ ಸರಿ, 'ಅಓ!' ಬರೆದರೂ ಸರಿ. 'ಹುರ್ರೇ!' ಬರೆದರೆ ಯಾಕೆ ಅಂತ ಕೇಳಿ. 'ಕೊಡೆ ಹಾಳಾದ್ರೆ ಹೊಸತು ಸಿಗ್ತದೆ ಟೀಚರ್' ಅಂದರೆ ಅದಕ್ಕೂ ಪೂರ್ತಿ ಮಾರ್ಕು ಕೊಡಬೇಕು.